ಟಿಐ-83 ಪ್ಲಸ್: ಬ್ಯಾಟರಿ ಬಾಗಿಲಿನಿಂದ ಅಸೆಂಬ್ಲಿವರೆಗೆ

ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ ಪ್ರೋಗ್ರಾಮ್ ಬರೆಯೋಣ ಅಂತ ಹೊರಟರೆ ಮೊದಲು ಏಳುವ ಪ್ರಶ್ನೆ, ಯಾವ ಮಾದರಿ ಹಿಡಿಯೋದು? ನಾನು ಹಿಡಿದದ್ದು ಟಿಐ-83 ಪ್ಲಸ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದನ್ನು 1999ರಲ್ಲಿ ತಂದಿತು. ಒಳಗಿರುವುದು 6 ಮೆಗಾಹರ್ಟ್ಸ್‌ನಲ್ಲಿ ಓಡುವ ಜೆಡ್80 ಪ್ರೊಸೆಸರ್, 32 ಕೆಬಿ ರ‍್ಯಾಮ್, 512 ಕೆಬಿ ಫ್ಲ್ಯಾಶ್ (ಬ್ಯಾಟರಿ ತೆಗೆದರೂ ಅಳಿಯದ ಮೆಮೊರಿ). ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆ. ಬಣ್ಣ ಇಲ್ಲ, ಬೂದು ಕೂಡ ಇಲ್ಲ. ಚುಕ್ಕೆ ಒಂದೋ ಕಪ್ಪು, ಇಲ್ಲವೋ ಖಾಲಿ.

ಇಷ್ಟು ಚಿಕ್ಕದು ಅನ್ನೋದೇ ಇದರ ಗುಣ. ಇಡೀ ಯಂತ್ರ ತಲೆಯಲ್ಲಿ ಹಿಡಿಸುತ್ತದೆ. ಫೋನಿನಲ್ಲಿ ಒಂದು ಚುಕ್ಕೆ ಮೂಡಿಸಲು ನಮ್ಮ ಕೋಡ್ ಎಷ್ಟು ಪದರ ದಾಟಿ ಹೋಗುತ್ತದೆ ಅಂತ ಹೇಳುವುದು ಕಷ್ಟ. ಇಲ್ಲಿ ಒಂದು ಬೈಟ್ ಬರೆದರೆ ಎಂಟು ಚುಕ್ಕೆ, ಕತೆ ಮುಗಿಯಿತು. ಜೆಡ್80 ಕೂಡ 1976ರಿಂದ ಇರುವ ಚಿಪ್. ಫೆಡೆರಿಕೊ ಫಜಿನ್ ಮತ್ತು ಮಸತೋಶಿ ಶಿಮಾ ಕೈಯಿಂದ ಬಂದದ್ದು. ಅದರ ಒಂದೊಂದು ಸೂಚನೆ ಎಷ್ಟು ಕ್ಲಾಕ್ ಸೈಕಲ್ ತಿನ್ನುತ್ತದೆ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ.

ಗುರಿ ಮೊದಲೇ ಗೊತ್ತು ಮಾಡಿಕೊಂಡೆ. ಗಣಿತಜ್ಞ ಜಾನ್ ಕಾನ್ವೇ ಅವರ 'ಗೇಮ್ ಆಫ್ ಲೈಫ್', ಅಂದರೆ ಚೌಕಗಳ ಮೇಲಿನ ಕೋಶಗಳು ನೆರೆಯವರನ್ನು ನೋಡಿ ತಾವೇ ಹುಟ್ಟಿ ಸಾಯುವ ಆಟ, ಪೂರ್ತಿ ಪರದೆಯಲ್ಲಿ ಓಡಬೇಕು. ಎಮ್ಯುಲೇಟರ್‌ನಲ್ಲೂ (ಕಂಪ್ಯೂಟರ್‌ನಲ್ಲಿ ಕ್ಯಾಲ್ಕುಲೇಟರ್‌ನ ಹಾಗೇ ನಡೆದುಕೊಳ್ಳುವ ತಂತ್ರಾಂಶ) ಓಡಬೇಕು, ಕೈಯಲ್ಲಿರುವ ಕ್ಯಾಲ್ಕುಲೇಟರ್‌ನಲ್ಲೂ ಓಡಬೇಕು. ಎರಡೂ ಏಕೆ ಅಂದರೆ, ಎಮ್ಯುಲೇಟರ್‌ನಲ್ಲಿ ತಪ್ಪು ಹುಡುಕುವುದು ಸುಲಭ, ಆದರೆ ಅದು ಹಾರ್ಡ್‌ವೇರ್‌ನ ತುಂಟತನಗಳನ್ನು ಕ್ಷಮಿಸಿಬಿಡುತ್ತದೆ. ಅಲ್ಲಿ ಓಡಿತು ಅಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ.

ಮೊದಲು ಆನ್ ಆಗಬೇಕಲ್ಲ

ನನಗೆ ಸಿಕ್ಕಿದ್ದು ಆನ್ ಆಗದ ಯಂತ್ರ. ಹಳೆಯ ಕ್ಯಾಲ್ಕುಲೇಟರ್‌ಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಬ್ಯಾಟರಿ ಸೋರಿಕೆ. ಬಾಗಿಲು ತೆಗೆದರೆ ನಾಲ್ಕು ಎಎಎ ಬ್ಯಾಟರಿಗಳ ತುದಿಯಲ್ಲಿ ಬಿಳಿ ಪುಡಿ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಅದು ಗಾಳಿಗೆ ಸಿಕ್ಕಿ ಕಾರ್ಬೊನೇಟ್ ಆಗಿ ಪುಡಿಗಟ್ಟುತ್ತದೆ. ಕ್ಷಾರ ಆದ್ದರಿಂದ ಇದಕ್ಕೆ ಹುಳಿಯೇ ಮದ್ದು. ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮತ್ತೊಮ್ಮೆ ಒರೆಸಬೇಕು. ಕೈಗವಸು ಹಾಕಿಕೊಳ್ಳಿ, ಆ ಪುಡಿ ಚರ್ಮಕ್ಕೆ ಒಳ್ಳೆಯದಲ್ಲ.

ಸ್ಪ್ರಿಂಗ್‌ಗಳ ಮೇಲೆ ಹಸಿರು ಕಲೆ ಇನ್ನೂ ಉಳಿದಿತ್ತು. ನಯವಾದ ಮರಳು ಕಾಗದದ ಚೂರಿನಿಂದ ಹಗುರವಾಗಿ ಉಜ್ಜಿದೆ, ಲೋಹ ಹೊಳೆಯಿತು. ಹಿಂಬದಿ ಬಿಚ್ಚಬೇಕಾದರೆ ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು, ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಲೆ ಕೆಡಿಸಬೇಡಿ. ಸೋರಿಕೆ ಬೋರ್ಡ್‌ವರೆಗೆ ಹೋಗಿದೆಯಾ ಅಂತ ನೋಡಲು ನಾನು ಬಿಚ್ಚಿದೆ, ಹೋಗಿರಲಿಲ್ಲ.

ಎಎಎ ಜೊತೆಗೆ ಒಂದು ಗುಂಡಿ ಬ್ಯಾಟರಿಯೂ ಇದೆ. ಸಿಆರ್1616 ಅಥವಾ ಸಿಆರ್1620, ಎರಡೂ ನಡೆಯುತ್ತದೆ. ದೊಡ್ಡ ಬ್ಯಾಟರಿ ಬದಲಿಸುವಾಗ ರ‍್ಯಾಮ್ ಕಾಯುವುದು ಇದರ ಕೆಲಸ. ಎರಡನ್ನೂ ಒಟ್ಟಿಗೆ ತೆಗೆದರೆ ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ. ಸತ್ತ ಯಂತ್ರದಲ್ಲಿ ಹೋಗಲು ಏನೂ ಇರಲಿಲ್ಲ, ಹೊಸದೇ ಹಾಕಿದೆ.

ಆನ್ ಒತ್ತಿದೆ. ಪರದೆ ಖಾಲಿ. ಇಲ್ಲೇ ಎಷ್ಟೋ ಜನ ಯಂತ್ರ ಸತ್ತಿದೆ ಅಂತ ಎತ್ತಿಟ್ಟುಬಿಡುತ್ತಾರೆ. ಕಾಂಟ್ರಾಸ್ಟ್ ತೀರಾ ಕೆಳಗಿದ್ದರೂ ಪರದೆ ಹೀಗೇ ಕಾಣುತ್ತದೆ. '2ನೆಯ' ಅನ್ನುವ ಬಣ್ಣದ ಕೀ ಒತ್ತಿ ಬಿಟ್ಟು, ಮೇಲಿನ ಬಾಣ ಹಿಡಿದುಕೊಳ್ಳಬೇಕು. ನಿಧಾನಕ್ಕೆ ಅಕ್ಷರ ಮೂಡಿತು, ರ‍್ಯಾಮ್ ಅಳಿಸಿದೆ ಅನ್ನುವ ಸೂಚನೆ. ಒಳ್ಳೆಯ ಸುದ್ದಿ ಅದು. ಫ್ಲ್ಯಾಶ್ ಸರಿಯಿದೆ, ಕಾರ್ಯವ್ಯವಸ್ಥೆ ಬದುಕಿದೆ ಅಂತ ಅರ್ಥ.

ಎರಡು ತಂತಿಯ ಮಾತುಕತೆ

ಕಂಪ್ಯೂಟರ್‌ಗೆ ಜೋಡಿಸುವ ಕಿಂಡಿ 2.5 ಮಿಲಿಮೀಟರ್‌ನ ಜಾಕ್. ಇಯರ್‌ಫೋನ್‌ನದ್ದಕ್ಕಿಂತ ಸಣ್ಣದು. ಇದಕ್ಕೆ ಸಿಲ್ವರ್‌ಲಿಂಕ್ ಎಂಬ ಯುಎಸ್‌ಬಿ ಕೇಬಲ್ ಇದೆ. ಲಿನಕ್ಸ್‌ನಲ್ಲಿ ಟಿಲ್ಪ್ ಎಂಬ ಉಚಿತ ತಂತ್ರಾಂಶ ಇದರ ಜೊತೆ ಮಾತಾಡುತ್ತದೆ. ಲಿನಕ್ಸ್‌ನಲ್ಲಿ ಕೇಬಲ್ ಸಿಗದೆ ಹೋದರೆ ಹೆಚ್ಚಿನ ಸಲ ಅದು ಅನುಮತಿಯ ಸಮಸ್ಯೆ. ಸಾಮಾನ್ಯ ಬಳಕೆದಾರನಿಗೆ ಆ ಯುಎಸ್‌ಬಿ ಸಾಧನ ತೆರೆಯಲು ಬಿಡುವ ನಿಯಮ ಹಾಕಿದರೆ ಸರಿಹೋಗುತ್ತದೆ.

ಈ ಕಿಂಡಿಯಲ್ಲಿ ನಡೆಯುವ ಮಾತುಕತೆ ನೋಡಲು ಚೆಂದ. ನೆಲದ ತಂತಿ ಬಿಟ್ಟರೆ ಎರಡೇ ತಂತಿ. ಸುಮ್ಮನಿರುವಾಗ ಎರಡೂ ಮೇಲಿನ ಮಟ್ಟದಲ್ಲಿ ಇರುತ್ತವೆ. ಸೊನ್ನೆ ಕಳಿಸಬೇಕಾದರೆ ಒಂದು ತಂತಿಯನ್ನು ಕೆಳಕ್ಕೆ ಎಳೆಯಬೇಕು, ಒಂದನ್ನು ಕಳಿಸಬೇಕಾದರೆ ಇನ್ನೊಂದನ್ನು. ಆಚೆಯವರು ನೋಡಿದೆ ಅನ್ನಲು ಉಳಿದ ತಂತಿಯನ್ನು ಎಳೆಯುತ್ತಾರೆ. ಆಗ ಕಳಿಸಿದವರು ತಮ್ಮದನ್ನು ಬಿಡುತ್ತಾರೆ, ಆಮೇಲೆ ಅವರೂ ಬಿಡುತ್ತಾರೆ. ಒಂದು ಬಿಟ್ ದಾಟಿತು. ಎಂಟು ಸಲ ಹೀಗೆ ಮಾಡಿದರೆ ಒಂದು ಬೈಟ್. ಇದರಲ್ಲಿ ವೇಗ ಅಂತ ಗೊತ್ತುಪಡಿಸಿದ್ದೇ ಇಲ್ಲ, ನಿಧಾನಿ ಎಷ್ಟು ನಿಧಾನವೋ ಮಾತುಕತೆಯೂ ಅಷ್ಟೇ ನಿಧಾನ. ಆದ್ದರಿಂದಲೇ ಆರ್ಡುಯಿನೊ ಥರದ ಬೋರ್ಡ್‌ನ ಎರಡು ಪಿನ್‌ನಿಂದಲೂ ಇದನ್ನು ಮಾಡಬಹುದು. ಎಳೆಯುವಾಗ ಪಿನ್ ಅನ್ನು ಔಟ್‌ಪುಟ್ ಮಾಡಿ ಸೊನ್ನೆ ಇಡುವುದು, ಬಿಡುವಾಗ ಪುಲ್‌ಅಪ್ (ಯಾರೂ ಎಳೆಯದಿದ್ದರೆ ತಂತಿಯನ್ನು ಮೇಲಿನ ಮಟ್ಟದಲ್ಲಿ ಇಡುವ ರೋಧಕ) ಇರುವ ಇನ್‌ಪುಟ್ ಮಾಡುವುದು. ಪಿನ್‌ನಿಂದ ನೇರ ಮೇಲಿನ ಮಟ್ಟ ತಳ್ಳಬಾರದು. ಆಚೆ ಕಡೆಯವರು ಅದೇ ಹೊತ್ತಿಗೆ ಕೆಳಕ್ಕೆ ಎಳೆದರೆ ಎರಡೂ ಗುದ್ದಾಡುತ್ತವೆ.

ರೋಮ್ ತೆಗೆಯುವುದು

ಎಮ್ಯುಲೇಟರ್ ಅಂದರೆ ಖಾಲಿ ಯಂತ್ರ. ಜೆಡ್80 ಹೇಗೆ ನಡೆದುಕೊಳ್ಳುತ್ತದೆ, ಪರದೆ ಹೇಗೆ, ಕೀಲಿಗಳು ಹೇಗೆ ಅಂತ ಅದಕ್ಕೆ ಗೊತ್ತು. ಆದರೆ ಕ್ಯಾಲ್ಕುಲೇಟರ್‌ನ ಒಳಗಿನ ತಂತ್ರಾಂಶ, ಅಂದರೆ ರೋಮ್, ಅದರ ಬಳಿ ಇಲ್ಲ. ಅದು ಕಂಪನಿಯ ಹಕ್ಕಿನದು, ಎಲ್ಲಿಂದಲೋ ಇಳಿಸಿಕೊಳ್ಳುವ ಬದಲು ನಮ್ಮ ಯಂತ್ರದಿಂದಲೇ ತೆಗೆಯುವುದು ಸರಿಯಾದ ದಾರಿ. ಟಿಲ್ಪ್‌ನಲ್ಲೇ ಇದಕ್ಕೆ ವ್ಯವಸ್ಥೆ ಇದೆ. ಅದು ಒಂದು ಸಣ್ಣ ಪ್ರೋಗ್ರಾಮ್ ಅನ್ನು ಕ್ಯಾಲ್ಕುಲೇಟರ್‌ಗೆ ಕಳಿಸುತ್ತದೆ, ಆ ಪ್ರೋಗ್ರಾಮ್ ಫ್ಲ್ಯಾಶ್ ಅನ್ನು ಪುಟ ಪುಟವಾಗಿ ಓದಿ ವಾಪಸ್ ಕಳಿಸುತ್ತದೆ.

ಪುಟ ಅಂದದ್ದು ಸುಮ್ನೆ ಅಲ್ಲ. ಜೆಡ್80ಗೆ ಒಂದು ಸಲಕ್ಕೆ ಕಾಣುವುದು 64 ಕೆಬಿ ಮಾತ್ರ. ಫ್ಲ್ಯಾಶ್ 512 ಕೆಬಿ. ಹಾಗಾಗಿ 64 ಕೆಬಿಯನ್ನು 16 ಕೆಬಿಯ ನಾಲ್ಕು ಕಿಟಕಿಗಳಾಗಿ ಒಡೆದಿದ್ದಾರೆ. ಮೊದಲ ಕಿಟಕಿಯಲ್ಲಿ ಸದಾ ಫ್ಲ್ಯಾಶ್‌ನ ಸೊನ್ನೆಯ ಪುಟ. ಕೊನೆಯ ಕಿಟಕಿಯಲ್ಲಿ ಸದಾ ರ‍್ಯಾಮ್. ಮಧ್ಯದ ಎರಡರಲ್ಲಿ ಯಾವ ಪುಟ ಬೇಕೋ ಅದನ್ನು 6 ಮತ್ತು 7ನೇ ಪೋರ್ಟ್‌ಗಳಿಗೆ (ಪ್ರೊಸೆಸರ್ ಹಾರ್ಡ್‌ವೇರ್ ಜೊತೆ ಮಾತಾಡುವ ಬಾಗಿಲುಗಳು) ಬರೆದು ತರಿಸಿಕೊಳ್ಳಬಹುದು. ಫ್ಲ್ಯಾಶ್‌ನಲ್ಲಿ ಒಟ್ಟು 32 ಪುಟ. ರೋಮ್ ಫೈಲ್ ಬಂದ ಮೇಲೆ ಗಾತ್ರ ನೋಡಿ. 5,24,288 ಬೈಟ್ ಇರಬೇಕು. ಒಂದು ಬೈಟ್ ಆಚೀಚೆ ಆದರೂ ಮತ್ತೆ ತೆಗೆಯುವುದೇ ವಾಸಿ.

ಕೇಬಲ್ ಇಲ್ಲದವರಿಗೂ ದಾರಿ ಇದೆ. ವಿಂಡೋಸ್‌ನಲ್ಲಿ ಓಡುವ ವ್ಯಾಬಿಟ್‌ಎಮು ಎಂಬ ಎಮ್ಯುಲೇಟರ್, ಕಂಪನಿ ಕೊಡುವ ಕಾರ್ಯವ್ಯವಸ್ಥೆಯ ಅಪ್‌ಡೇಟ್ ಫೈಲ್‌ಗೆ ಮುಕ್ತ ತಂತ್ರಾಂಶದ ಬೂಟ್ ಪುಟ ಸೇರಿಸಿ ರೋಮ್ ಕಟ್ಟಿಕೊಡುತ್ತದೆ. ಎಚ್‌ಪಿ-48 ಸರಣಿಯವರ ಅದೃಷ್ಟ ಇನ್ನೂ ಚೆನ್ನಾಗಿದೆ. ಆ ರೋಮ್‌ಗಳನ್ನು ಎಮ್ಯುಲೇಟರ್‌ಗಳಲ್ಲಿ ಬಳಸಲು ಎಚ್‌ಪಿ ಅನುಮತಿ ಕೊಟ್ಟಿದೆ, ಎಮು48 ಹಾಕಿಕೊಂಡು ನೇರ ಶುರು ಮಾಡಬಹುದು. ಟಿಐ-89 ಮತ್ತು ಟಿಐ-92 ಇದ್ದರೆ ಅವು ಮೊಟೊರೊಲಾ 68000 ಪ್ರೊಸೆಸರ್‌ನವು, ಅವಕ್ಕೆ ಟಿಐಎಮು. 1990ರ ಟಿಐ-81 ಹಿಡಿದು ಶುರು ಮಾಡಬೇಡಿ. ಅದಕ್ಕೆ ಲಿಂಕ್ ಕಿಂಡಿಯೇ ಇಲ್ಲ, ಬರೆದದ್ದೆಲ್ಲ ಕೈಯಿಂದಲೇ ಕೀ ಒತ್ತಿ ತುಂಬಬೇಕು.

ನಾನು ಬಳಸಿದ್ದು ಟಿಲ್‌ಎಮ್ ಎಂಬ ಎಮ್ಯುಲೇಟರ್. ರೋಮ್ ತೋರಿಸಿದ ತಕ್ಷಣ ಪರದೆಯ ಮೇಲೆ ಕ್ಯಾಲ್ಕುಲೇಟರ್ ಎದ್ದು ಕೂರುತ್ತದೆ. ಫೈಲ್ ಎಳೆದು ಹಾಕಿದರೆ ಒಳಗೆ ಹೋಗುತ್ತದೆ, ಕೇಬಲ್‌ನ ರಗಳೆ ಇಲ್ಲ. ತಪ್ಪು ಹುಡುಕುವ ಡೀಬಗ್ಗರ್ ತೆರೆದರೆ ರಿಜಿಸ್ಟರ್‌ಗಳು (ಪ್ರೊಸೆಸರ್‌ನ ಒಳಗಿನ ಪುಟ್ಟ ಖಾನೆಗಳು), ಮೆಮೊರಿ, ಈಗ ಓಡುತ್ತಿರುವ ಸೂಚನೆ ಎಲ್ಲ ಕಾಣುತ್ತದೆ. ಯಂತ್ರದ ಸ್ಥಿತಿಯನ್ನು ಉಳಿಸಿಟ್ಟುಕೊಳ್ಳಬಹುದು ಅನ್ನೋದು ಎಲ್ಲಕ್ಕಿಂತ ದೊಡ್ಡ ಸುಖ. ಅಸೆಂಬ್ಲಿ (ಪ್ರೊಸೆಸರ್‌ನ ಸೂಚನೆಗಳನ್ನೇ ಒಂದೊಂದಾಗಿ ಬರೆಯುವ ಭಾಷೆ) ಪ್ರೋಗ್ರಾಮ್ ಕೆಟ್ಟು ರ‍್ಯಾಮ್ ಅಳಿಸಿಹೋದರೆ ನಿಜವಾದ ಯಂತ್ರದಲ್ಲಿ ಎಲ್ಲವನ್ನೂ ಮತ್ತೆ ಕಳಿಸಬೇಕು. ಇಲ್ಲಿ ಒಂದು ಕ್ಲಿಕ್ ಸಾಕು.

ಬೇಸಿಕ್‌ನಲ್ಲಿ ಲೈಫ್

ಕ್ಯಾಲ್ಕುಲೇಟರ್‌ನ ಒಳಗೇ ಬೇಸಿಕ್ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆ ಇದೆ. ಹೊಸಬರು ಮೊದಲು ಮುಗ್ಗರಿಸುವುದು ಟೈಪ್ ಮಾಡುವಲ್ಲಿ. 'ಡಿಸ್ಪ್' ಅನ್ನುವ ಆದೇಶವನ್ನು ಅಕ್ಷರ ಅಕ್ಷರವಾಗಿ ಬರೆದರೆ ಅದು ಆದೇಶ ಆಗುವುದಿಲ್ಲ. ಪ್ರೋಗ್ರಾಮ್ ಮೆನುವಿನಿಂದಲೇ ಆರಿಸಬೇಕು. ಯಾಕೆಂದರೆ ಒಳಗೆ ಪ್ರತಿ ಆದೇಶವೂ ಒಂದು ಅಥವಾ ಎರಡು ಬೈಟಿನ ಟೋಕನ್. ಪರದೆಯ ಮೇಲೆ ಕಾಣುವ ಅಕ್ಷರಗಳು ಅದರ ಮುಖ ಅಷ್ಟೇ. ಮೊದಲು ಕಿರಿಕಿರಿ ಅನ್ನಿಸುತ್ತದೆ, ಆದರೆ ಜಾಗ ಉಳಿಯುತ್ತದೆ. ಸಾಲಿನ ಕೊನೆಯ ಆವರಣ ಮತ್ತು ಉದ್ಧರಣ ಚಿಹ್ನೆಗಳನ್ನು ಮುಚ್ಚದೆ ಬಿಟ್ಟರೂ ನಡೆಯುತ್ತದೆ, ಅಷ್ಟು ಬೈಟ್ ಮಿಕ್ಕಿತು.

ಲೈಫ್‌ನ ನಿಯಮ ಎರಡೇ ಸಾಲು. ಬದುಕಿರುವ ಕೋಶಕ್ಕೆ ಎರಡು ಅಥವಾ ಮೂರು ನೆರೆಯವರು ಬದುಕಿದ್ದರೆ ಅದು ಉಳಿಯುತ್ತದೆ. ಸತ್ತ ಕೋಶಕ್ಕೆ ಸರಿಯಾಗಿ ಮೂರು ಇದ್ದರೆ ಹುಟ್ಟುತ್ತದೆ. ಪೂರ್ತಿ ಪರದೆಗೆ ಮ್ಯಾಟ್ರಿಕ್ಸ್ ಇಡೋಣ ಅಂದರೆ ಲೆಕ್ಕವೇ ತಡೆಯುತ್ತದೆ. ಇಲ್ಲಿ ಒಂದು ಸಂಖ್ಯೆ ಅಂದರೆ 14 ಅಂಕಿಯ ದಶಮಾಂಶ, 9 ಬೈಟ್. ಅದು ಸೊನ್ನೆಯಾದರೂ 9, ಒಂದಾದರೂ 9. ಬೇಸಿಕ್‌ಗೆ ಸಿಗುವ 95×63 ಚುಕ್ಕೆಗೆ 53,865 ಬೈಟ್ ಬೇಕು. ನಮಗೆ ಸಿಗುವ ರ‍್ಯಾಮ್ ಸುಮಾರು 24 ಕೆಬಿ. ಮ್ಯಾಟ್ರಿಕ್ಸ್ ಬಿಟ್ಟು ಪರದೆಯ ಚುಕ್ಕೆಗಳನ್ನೇ ಓದೋಣ ಅಂದರೆ ಒಂದು ತಲೆಮಾರಿಗೆ 47,880 ಸಲ ಚುಕ್ಕೆ ಪರೀಕ್ಷೆ. ಒಂದೊಂದು ಆದೇಶವನ್ನೂ ಓದಿ ಅರ್ಥ ಮಾಡಿಕೊಂಡು ನಡೆಸುವ ಬೇಸಿಕ್‌ಗೆ ಇದು ಆಗುವ ಮಾತಲ್ಲ.

ಹಾಗಾಗಿ ಅಕ್ಷರದ ಪರದೆಗೆ ಇಳಿದೆ. 8 ಸಾಲು, 16 ಕಂಬ, 128 ಕೋಶ. ಸುತ್ತ ಒಂದು ಸತ್ತ ಅಂಚು ಸೇರಿಸಿ 10×18ರ ಮ್ಯಾಟ್ರಿಕ್ಸ್ ಮಾಡಿದರೆ ಅಂಚಿನ ಕೋಶಗಳಿಗೆ ಬೇರೆ ತರ್ಕ ಬರೆಯುವುದು ತಪ್ಪುತ್ತದೆ. ಒಂದಕ್ಕೆ 1,620 ಬೈಟ್. ಈಗಿನ ಸ್ಥಿತಿಗೆ ಒಂದು, ಮುಂದಿನದಕ್ಕೆ ಒಂದು, ಹೀಗೆ ಎರಡು ಬೇಕು. ಇಲ್ಲಿ ಹೋಲಿಕೆಯ ಫಲಿತಾಂಶ 1 ಅಥವಾ 0 ಆಗಿಯೇ ಬರುತ್ತದೆ. ಆದ್ದರಿಂದ ನಿಯಮ ಇಡೀ ಒಂದೇ ಸಾಲು: ಬದುಕಿರುವ ನೆರೆಯವರ ಮೊತ್ತ ಮೂರಾಗಿರಬೇಕು, ಅಥವಾ ಮೊತ್ತ ಎರಡಾಗಿ ಕೋಶ ಬದುಕಿರಬೇಕು. 'ಇಫ್' ಒಂದೂ ಇಲ್ಲ. ಜಿಗಿಯುವ 'ಗೋಟು' ಕೂಡ ಬಳಸಲಿಲ್ಲ. ಲೇಬಲ್ ಹುಡುಕಲು ಅದು ಪ್ರೋಗ್ರಾಮ್‌ನ ತಲೆಯಿಂದ ಓದುತ್ತಾ ಬರುತ್ತದೆ, ಜೊತೆಗೆ ಲೂಪ್‌ನ ನಡುವಿನಿಂದ ಹೊರಗೆ ಜಿಗಿದರೆ ಪ್ರತಿ ಸಲ ಸ್ವಲ್ಪ ಮೆಮೊರಿ ಸೋರುತ್ತದೆ.

ಓಡಿತು. ಮೂರು ಕೋಶದ ಬ್ಲಿಂಕರ್ ಅಡ್ಡ, ಉದ್ದ, ಅಡ್ಡ ಅಂತ ತಿರುಗಿತು. ಆದರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೇರೆ ಕೆಲಸ ನೋಡಿಕೊಂಡು ಬರಬಹುದು. ಎಮ್ಯುಲೇಟರ್‌ನ ವೇಗದ ಮಿತಿ ತೆಗೆದುಹಾಕಿದರೆ ಸರಸರ ಓಡುತ್ತದೆ, ನಿಜ. ಆದರೆ ಅದು ನಮ್ಮ ಲ್ಯಾಪ್‌ಟಾಪ್‌ನ ವೇಗ, ಕ್ಯಾಲ್ಕುಲೇಟರ್‌ನದ್ದಲ್ಲ. ಮಿತಿ ಹಾಕಿಕೊಂಡೇ ಕೆಲಸ ಮಾಡಿ ಅಂತ ನನ್ನ ಸಲಹೆ.

ಹದಿನಾರು ಬೈಟ್

ಅಸೆಂಬ್ಲಿಗೆ ಇಳಿಯಲು ಕಂಪ್ಯೂಟರ್ ಕೂಡ ಬೇಕಿಲ್ಲ. ಕ್ಯಾಟಲಾಗ್‌ನಲ್ಲಿ 'ಎಎಸ್‌ಎಮ್‌ಪ್ರೋಗ್ರಾಮ್' ಎಂಬ ಟೋಕನ್ ಇದೆ. ಹೊಸ ಪ್ರೋಗ್ರಾಮ್‌ನ ಮೊದಲಿಗೆ ಅದನ್ನಿಟ್ಟು, ಕೆಳಗೆ ಹದಿನಾರರ ಲೆಕ್ಕದಲ್ಲಿ (0ರಿಂದ 9, ಆಮೇಲೆ ಎಯಿಂದ ಎಫ್) ಬೈಟ್‌ಗಳನ್ನು ಬರೆಯುತ್ತಾ ಹೋಗಬಹುದು. ಅತಿ ಚಿಕ್ಕ ಪ್ರೋಗ್ರಾಮ್ ಒಂದೇ ಬೈಟ್, 'ಸಿ9'. ಅಂದರೆ ಕರೆದವರ ಬಳಿ ವಾಪಸ್ ಹೋಗು. 'ಎಎಸ್‌ಎಮ್' ಆದೇಶದಿಂದ ಓಡಿಸಿದರೆ ಏನೂ ಮಾಡದೆ 'ಡನ್' ಅನ್ನುತ್ತದೆ. ಏನೂ ಆಗದೆ ವಾಪಸ್ ಬಂತಲ್ಲ, ಅಸೆಂಬ್ಲಿಯಲ್ಲಿ ಅದೂ ದೊಡ್ಡದೇ. ಒಂದು ಎಚ್ಚರಿಕೆ: 'ಇ' ಅಕ್ಷರವನ್ನು ಆಲ್ಫಾ ಕೀಯಿಂದ ತೆಗೆದುಕೊಳ್ಳಿ. ಘಾತಾಂಕ ಬರೆಯುವ ಕೀಯಿಂದ ಬರುವ ಸಣ್ಣ 'ಇ' ಬೇರೆಯೇ ಟೋಕನ್.

ಮುಂದಿನದು ಪರದೆ ಅಳಿಸಿ ಎರಡು ಅಕ್ಷರ ತೋರಿಸುವುದು. ಬೈಟ್‌ಗಳು ಹೀಗಿವೆ: ಇಎಫ್ 40 45, ಇಎಫ್ 58 45, 21 ಎ2 9ಡಿ, ಇಎಫ್ 0ಎ 45, ಸಿ9, 48 49 00. ಒಟ್ಟು ಹದಿನಾರು. 'ಇಎಫ್' ಅಂದರೆ ಕಾರ್ಯವ್ಯವಸ್ಥೆಯ ಕೆಲಸವೊಂದನ್ನು ಕರೆ ಅಂತ. ಯಾವ ಕೆಲಸ ಅನ್ನೋದು ಮುಂದಿನ ಎರಡು ಬೈಟ್. ಜೆಡ್80 ಕಿರಿಯ ಬೈಟ್ ಅನ್ನು ಮೊದಲು ಓದುತ್ತದೆ, ಆದ್ದರಿಂದ 40 45 ಅಂದರೆ 4540, ಪರದೆ ಅಳಿಸುವುದು. 4558 ಕರ್ಸರ್ ಅನ್ನು ಮೇಲಿನ ಮೂಲೆಗೆ ಒಯ್ಯುತ್ತದೆ. 450ಎ ಅಕ್ಷರಗಳನ್ನು ಬರೆಯುತ್ತದೆ, ಸೊನ್ನೆ ಬೈಟ್ ಕಂಡಾಗ ನಿಲ್ಲುತ್ತದೆ. ನಡುವೆ ಇರುವ '21', ಎಚ್‌ಎಲ್ ರಿಜಿಸ್ಟರ್ ಜೋಡಿಗೆ ಅಕ್ಷರಗಳ ವಿಳಾಸ ತುಂಬುತ್ತದೆ. ಅಸೆಂಬ್ಲಿ ಪ್ರೋಗ್ರಾಮ್ ಸದಾ 9ಡಿ95ರಲ್ಲಿ ಶುರುವಾಗುತ್ತದೆ. ಅಲ್ಲಿಂದ ಹದಿಮೂರು ಬೈಟ್ ದಾಟಿದರೆ 9ಡಿಎ2, ಅಲ್ಲಿ ನಮ್ಮ ಅಕ್ಷರ. ಇದನ್ನು ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಅಸೆಂಬ್ಲರ್ ನಮಗಾಗಿ ಏನು ಮಾಡುತ್ತದೆ ಅನ್ನೋದು ಆಮೇಲೆ ವಿವರಿಸಬೇಕಾಗುವುದಿಲ್ಲ.

ಹೀಗೆ ಕಾನೂನುಬದ್ಧವಾಗಿ ಅಸೆಂಬ್ಲಿ ಬರೆಯುವ ಬಾಗಿಲು ಎಲ್ಲ ಮಾದರಿಯಲ್ಲೂ ಇರಲಿಲ್ಲ. 1992ರ ಟಿಐ-85ರಲ್ಲಿ ಹವ್ಯಾಸಿಗಳು ಮೆಮೊರಿಯ ಬ್ಯಾಕಪ್ ಫೈಲ್ ಅನ್ನು ತಿದ್ದಿ, ಕೇಬಲ್‌ನಿಂದ ವಾಪಸ್ ಕಳಿಸಿ ಒಳನುಗ್ಗಿದ್ದರು. 83 ಪ್ಲಸ್‌ನಲ್ಲಿ ಪ್ರೋಗ್ರಾಮ್‌ಗೆ ತಡೆ ಇಲ್ಲ, ಆದರೆ ಕಾರ್ಯವ್ಯವಸ್ಥೆಯನ್ನೇ ಬದಲಿಸಲು ಕಂಪನಿಯ ಡಿಜಿಟಲ್ ಸಹಿ ಬೇಕಿತ್ತು. ಆ 512 ಬಿಟ್‌ನ ಕೀಲಿಯನ್ನು 2009ರಲ್ಲಿ ಹವ್ಯಾಸಿಯೊಬ್ಬರು ತಮ್ಮ ಕಂಪ್ಯೂಟರ್‌ನಲ್ಲಿ ಅಪವರ್ತಿಸಿ ಒಡೆದರು. ಕಂಪನಿ ನೋಟಿಸ್ ಕಳಿಸಿತು, ಕೀಲಿ ಮಾತ್ರ ಮತ್ತೆ ಗುಟ್ಟಾಗಲಿಲ್ಲ.

ಎಂಟು ಕೋಶ ಒಟ್ಟಿಗೆ

ನಿಜವಾದ ಪ್ರೋಗ್ರಾಮ್‌ಗೆ ಸ್ಪ್ಯಾಸ್ಮ್ ಎಂಬ ಅಸೆಂಬ್ಲರ್ ಬಳಸಿದೆ. ಕಾರ್ಯವ್ಯವಸ್ಥೆಯ ವಿಳಾಸಗಳಿಗೆಲ್ಲ ಹೆಸರು ಕೊಟ್ಟಿರುವ ಹೆಡರ್ ಫೈಲ್ ಒಂದಿದೆ, ಅದನ್ನು ಸೇರಿಸಿಕೊಂಡರೆ 4540 ಅಂತೆಲ್ಲ ನೆನಪಿಡಬೇಕಿಲ್ಲ.

ಪರದೆಯ ನಕಲು ರ‍್ಯಾಮ್‌ನಲ್ಲಿ 9340ರಿಂದ ಶುರು, ವಿಳಾಸಗಳೆಲ್ಲ ಹದಿನಾರರ ಲೆಕ್ಕದಲ್ಲೇ. ಸಾಲಿಗೆ 12 ಬೈಟ್, 64 ಸಾಲು, ಒಟ್ಟು 768. ಬೇಸಿಕ್‌ನಲ್ಲಿ ಒಂದು ಕೋಶಕ್ಕೆ 9 ಬೈಟ್ ಸುಡುತ್ತಿದ್ದೆವು, ಇಲ್ಲಿ ಒಂದು ಬೈಟ್‌ನಲ್ಲಿ 8 ಕೋಶ. ಮುಂದಿನ ತಲೆಮಾರಿಗೆ ಇನ್ನೊಂದು 768 ಬೈಟ್ ಜಾಗ ಬೇಕು. 9872ರಲ್ಲಿ ಅಷ್ಟೇ ದೊಡ್ಡ ಜಾಗವನ್ನು ಪ್ರೋಗ್ರಾಮ್‌ಗಳಿಗೆಂದೇ ಬಿಟ್ಟಿದ್ದಾರೆ.

ಮೊದಲ ರೂಪ ಸರಳವಾಗಿತ್ತು. ಪ್ರತಿ ಕೋಶಕ್ಕೂ ಎಂಟು ನೆರೆಯವರನ್ನು ಒಂದೊಂದಾಗಿ ನೋಡುವುದು. ಸಾಲಿನ ಸಂಖ್ಯೆಯನ್ನು 12ರಿಂದ ಗುಣಿಸಬೇಕು. ಜೆಡ್80ಯಲ್ಲಿ ಗುಣಾಕಾರದ ಸೂಚನೆಯೇ ಇಲ್ಲ. ಎಚ್‌ಎಲ್ ಅನ್ನು ತನಗೇ ಎರಡು ಸಲ ಕೂಡಿದರೆ ನಾಲ್ಕು ಪಟ್ಟು, ಅದನ್ನು ಡಿಇಯಲ್ಲಿ ಇಟ್ಟುಕೊಂಡು ಇನ್ನೊಮ್ಮೆ ಕೂಡಿದರೆ ಎಂಟು ಪಟ್ಟು, ಎರಡನ್ನೂ ಸೇರಿಸಿದರೆ ಹನ್ನೆರಡು. ಒಂದು ನೋಟಕ್ಕೆ 100 ಸೈಕಲ್ ಅಂತ ಹಿಡಿದರೆ 49,152 ನೋಟಕ್ಕೆ ಸುಮಾರು 49 ಲಕ್ಷ ಸೈಕಲ್. 6 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸ್ವಲ್ಪ ಕಡಿಮೆ. ಬೇಸಿಕ್ ಕಂಡವರಿಗೆ ಇದು ಹಬ್ಬವೇ. ಆದರೂ ತೃಪ್ತಿ ಆಗಲಿಲ್ಲ.

ಇನ್ನೊಂದು ದಾರಿಯಲ್ಲಿ ಕೋಶವನ್ನು ಒಂದೊಂದಾಗಿ ನೋಡುವುದೇ ಇಲ್ಲ. ಒಂದು ಬೈಟ್ ತೆಗೆದುಕೊಳ್ಳಿ. ಅದರ ಎಡಕ್ಕೆ ಜರುಗಿಸಿದ ರೂಪ, ಬಲಕ್ಕೆ ಜರುಗಿಸಿದ ರೂಪ, ಮೇಲಿನ ಸಾಲಿನ ಮೂರು, ಕೆಳಗಿನ ಸಾಲಿನ ಮೂರು. ಒಟ್ಟು ಎಂಟು ಬೈಟ್. ಪ್ರತಿ ಬೈಟ್‌ನ ಅದದೇ ಸ್ಥಾನದ ಬಿಟ್ ಆ ಕೋಶದ ಒಬ್ಬೊಬ್ಬ ನೆರೆಯವ. ಇನ್ನು ಇವನ್ನು ಕೂಡಬೇಕು, ಆದರೆ ಬಿಟ್ ಬಿಟ್ ಆಗಿ ಬೇರೆ ಬೇರೆ. ಅದಕ್ಕೆ ಮೂರು ಬೈಟ್ ಇಟ್ಟುಕೊಂಡೆ: ಒಂದರ ಸ್ಥಾನಕ್ಕೆ, ಎರಡರ ಸ್ಥಾನಕ್ಕೆ, ನಾಲ್ಕರ ಸ್ಥಾನಕ್ಕೆ. ಹೊಸ ಬೈಟ್ ಬಂದಾಗ ಒಂದರ ಬೈಟ್ ಜೊತೆ 'ಆಂಡ್' (ಎರಡೂ 1 ಆದರೆ ಮಾತ್ರ 1) ಮಾಡಿದರೆ ದಶಕ, 'ಎಕ್ಸಾರ್' (ಎರಡರಲ್ಲಿ ಒಂದು ಮಾತ್ರ 1 ಆದರೆ 1) ಮಾಡಿದರೆ ಮೊತ್ತ. ದಶಕವನ್ನು ಎರಡರ ಬೈಟ್‌ಗೆ ಹಾಗೇ ಸೇರಿಸಿ, ಅಲ್ಲಿಂದ ಬಂದದ್ದನ್ನು ನಾಲ್ಕಕ್ಕೆ. ಎಂಟು ಸಲ ಮಾಡಿದರೆ ಎಂಟು ಕೋಶಗಳ ಎಣಿಕೆ ಒಟ್ಟಿಗೆ ಸಿದ್ಧ.

ನಿಯಮವೂ ಚಿಕ್ಕದಾಗುತ್ತದೆ. ಎರಡರ ಬಿಟ್ ಇರಬೇಕು, ನಾಲ್ಕರದ್ದು ಇರಬಾರದು. ಅಂದರೆ ಎಣಿಕೆ ಎರಡು ಅಥವಾ ಮೂರು. ಅದರ ಮೇಲೆ ಒಂದರ ಬಿಟ್ ಇರಬೇಕು, ಇಲ್ಲವೇ ಕೋಶ ಬದುಕಿರಬೇಕು. ಎಂಟೂ ನೆರೆಯವರು ಬದುಕಿದ್ದರೆ ಎಣಿಕೆ ಉಕ್ಕಿ ಮೂರೂ ಬೈಟ್‌ನಲ್ಲಿ ಸೊನ್ನೆ ಆಗುತ್ತದೆ, ಆಗಲೂ ಉತ್ತರ ಸಾವೇ. ಉಕ್ಕಿದ್ದನ್ನು ನೋಡಿಕೊಳ್ಳುವ ಕೋಡ್ ಬೇಡವೇ ಬೇಡ. ಈ ಸಾಲನ್ನು ಬರೆದಾಗ ಆದ ಖುಷಿ ಇನ್ಯಾವ ಸಾಲಿಗೂ ಆಗಲಿಲ್ಲ.

ಅಂಚು ಬಾಕಿ. ಮೊದಲ 13 ಬೈಟ್, ಕೊನೆಯ 13 ಬೈಟ್ ಮುಟ್ಟುವುದೇ ಇಲ್ಲ ಅಂತ ಮಾಡಿದೆ. ಆಗ ಯಾವ ನೋಟವೂ 768 ಬೈಟ್‌ನ ಹೊರಗೆ ಹೋಗುವುದಿಲ್ಲ. ಉಳಿದ 742 ಬೈಟ್‌ಗೆ ತಲಾ 500 ಸೈಕಲ್ ಹಿಡಿದರೂ 3,71,000. ಸೆಕೆಂಡಿನ ಹದಿನಾರನೇ ಒಂದು ಭಾಗ. ಇದಕ್ಕೊಂದು ತಮಾಷೆಯ ಅಡ್ಡಪರಿಣಾಮ ಇದೆ. ಸಾಲಿನ ಕೊನೆಯ ಬೈಟ್‌ನ ಬಲಕ್ಕೆ ಮೆಮೊರಿಯಲ್ಲಿ ಇರುವುದು ಮುಂದಿನ ಸಾಲಿನ ಮೊದಲ ಬೈಟ್. ಹಾಗಾಗಿ ಬಲಗಡೆ ಹೊರಟ ಗ್ಲೈಡರ್ (ತಾನೇ ಜರುಗುತ್ತಾ ಹೋಗುವ ಕೋಶಗಳ ಆಕಾರ) ಎಡಗಡೆ ಒಂದು ಸಾಲು ಕೆಳಗೆ ಬಂದು ಸೇರುತ್ತದೆ. ಇದನ್ನು ಸರಿಮಾಡಲಿಲ್ಲ. ನೋಡಲು ಚೆನ್ನಾಗಿದೆ.

ರಿಜಿಸ್ಟರ್‌ಗಳು ಸಾಲದೆ ಬರುತ್ತವೆ. ಆಗ ಐವೈ ಕಡೆಗೆ ಕೈ ಹೋಗುತ್ತದೆ, ಹೋಗಬಾರದು. ಕಾರ್ಯವ್ಯವಸ್ಥೆ ತನ್ನ ಫ್ಲ್ಯಾಗ್‌ಗಳನ್ನು ಐವೈ ಮೂಲಕ ನೋಡುತ್ತದೆ. ಇಂಟರಪ್ಟ್ (ಓಡುವ ಕೆಲಸವನ್ನು ಆಗಾಗ ತಡೆದು ಕಾರ್ಯವ್ಯವಸ್ಥೆಗೆ ಸರದಿ ಕೊಡುವ ಸಂಕೇತ) ಬಂದಾಗ ಐವೈ ಬೇರೆ ಕಡೆ ತೋರಿಸುತ್ತಿದ್ದರೆ ಯಾವುದೋ ಮೆಮೊರಿ ಕೆಡುತ್ತದೆ. ಇಂಟರಪ್ಟ್ ಅನ್ನೇ ನಿಲ್ಲಿಸೋಣ ಅಂದರೆ ಕೀ ಓದುವ ಕರೆ ಕೆಲಸ ಮಾಡುವುದಿಲ್ಲ, ಅದು ಇಂಟರಪ್ಟ್‌ನಲ್ಲೇ ಕೀಲಿಗಳನ್ನು ನೋಡುವುದು. ಐಎಕ್ಸ್ ಒಂದನ್ನೇ ಬಳಸಿ, ಎಣಿಕೆಯ ಬೈಟ್‌ಗಳಿಗೆ ಬಿ, ಸಿ, ಡಿ ಕೊಟ್ಟೆ, ಸಾಕಾಯಿತು.

ಪರೀಕ್ಷೆಗೆ ಗ್ಲೈಡರ್‌ಗಿಂತ ಒಳ್ಳೆಯದು ಇಲ್ಲ. ಐದು ಕೋಶ, ನಾಲ್ಕು ತಲೆಮಾರಿಗೆ ಒಮ್ಮೆ ಕರ್ಣದ ದಿಕ್ಕಿನಲ್ಲಿ ಒಂದು ಹೆಜ್ಜೆ. ಅದನ್ನು ಬೈಟ್‌ಗಳ ಗಡಿಯ ಮೇಲೆ ಇಟ್ಟು ಓಡಿಸಬೇಕು. ಜರುಗಿಸುವಾಗ ಪಕ್ಕದ ಬೈಟ್‌ನ ಬಿಟ್ ಸರಿಯಾಗಿ ಬರದಿದ್ದರೆ ಗಡಿ ದಾಟುವಾಗಲೇ ಗ್ಲೈಡರ್ ಚೂರಾಗುತ್ತದೆ. ಡೀಬಗ್ಗರ್‌ನಲ್ಲಿ ನಿಲ್ಲಿಸಿ ಆ ಒಂದು ಬೈಟ್‌ನ ಲೆಕ್ಕ ನೋಡಬಹುದು. ಈ ಸೌಲಭ್ಯಕ್ಕಾದರೂ ಎಮ್ಯುಲೇಟರ್ ಬೇಕು.

ಯಂತ್ರದ ಮೇಲೆ

ಪರದೆಗೆ ಕಳಿಸಲು ಕಾರ್ಯವ್ಯವಸ್ಥೆಯದ್ದೇ ಕರೆ ಇದೆ, 486ಎ. ಅದು ಸುರಕ್ಷಿತ, ಸ್ವಲ್ಪ ನಿಧಾನ. ನಾವೇ ಬರೆದರೆ ಬೇಗ. ಪರದೆಯ ಚಿಪ್‌ಗೆ ಎರಡು ಪೋರ್ಟ್: 10ರಲ್ಲಿ ಆದೇಶ, 11ರಲ್ಲಿ ಬೈಟ್, ಎರಡೂ ಹದಿನಾರರ ಲೆಕ್ಕದಲ್ಲಿ. ಆದರೆ ಆ ಚಿಪ್ ಪ್ರೊಸೆಸರ್‌ನಷ್ಟು ಚುರುಕಲ್ಲ. ಒಂದು ಬೈಟ್ ಕೊಟ್ಟ ಮೇಲೆ ಸುಮಾರು 10 ಮೈಕ್ರೊಸೆಕೆಂಡ್ ಬಿಡಬೇಕು, ಅಂದರೆ 60 ಸೈಕಲ್. ಕಾಯುವ ಕೋಡ್ ತೆಗೆದು ಬೇಕಂತಲೇ ಓಡಿಸಿ ನೋಡಿದೆ. ನನ್ನ ಸೆಟ್ಟಿಂಗ್‌ನಲ್ಲಿ ಎಮ್ಯುಲೇಟರ್ ಚಕಾರ ಎತ್ತಲಿಲ್ಲ. ಕೈಯಲ್ಲಿರುವ ಯಂತ್ರದಲ್ಲಿ ಬೈಟ್‌ಗಳು ತಪ್ಪಿ, ಚಿತ್ರ ಅಡ್ಡಡ್ಡ ಹರಿದುಹೋಯಿತು. 10ನೇ ಪೋರ್ಟ್ ಅನ್ನು ಓದಿ, ಮೇಲಿನ ಬಿಟ್ ಸೊನ್ನೆ ಆಗುವವರೆಗೆ ಕಾಯುವುದು ಸರಿಯಾದ ಕ್ರಮ. 768 ಬೈಟ್‌ಗೂ ಕಾದರೂ ಎಂಟು ಮಿಲಿಸೆಕೆಂಡ್ ಆಸುಪಾಸು, ಅದಕ್ಕಾಗಿ ಜಿಪುಣತನ ಮಾಡಬೇಕಿಲ್ಲ.

ಇನ್ನೊಂದು ವ್ಯತ್ಯಾಸ ಪರದೆಯದ್ದೇ. ಎಲ್‌ಸಿಡಿ ಚುಕ್ಕೆ ತಕ್ಷಣ ಆರುವುದಿಲ್ಲ. ವೇಗವಾಗಿ ಬದಲಾಗುವ ಲೈಫ್ ಯಂತ್ರದಲ್ಲಿ ಬೂದು ಮಂಜಿನ ಥರ ಕಾಣುತ್ತದೆ. ಎರಡು ಚಿತ್ರಗಳನ್ನು ಬೇಗ ಬೇಗ ಅದಲು ಬದಲು ಮಾಡಿ ಬೂದು ಬಣ್ಣ ತೋರಿಸುವವರು ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ. ನನಗೆ ಅದು ಬೇಡವಾಗಿತ್ತು. ತಲೆಮಾರುಗಳ ನಡುವೆ ಕೆಲವು 'ಹಾಲ್ಟ್' ಸೂಚನೆ ಹಾಕಿದೆ. ಮುಂದಿನ ಇಂಟರಪ್ಟ್‌ವರೆಗೆ ಪ್ರೊಸೆಸರ್ ಮಲಗುತ್ತದೆ, ಬ್ಯಾಟರಿಗೂ ಒಳ್ಳೆಯದು. ಇಷ್ಟೆಲ್ಲ ವೇಗ ಗಳಿಸಿ ಕೊನೆಗೆ ಬ್ರೇಕ್ ಹಾಕಿದ್ದು ವಿಚಿತ್ರ ಅನ್ನಿಸಬಹುದು, ಅಲ್ವಾ? ಆದರೆ ವೇಗ ಕೈಯಲ್ಲಿದ್ದರೆ ತಾನೇ ಎಷ್ಟು ಬೇಕೋ ಅಷ್ಟು ಬಿಡಲು ಆಗೋದು.

ಶುರುವಿನ ಚಿತ್ರಕ್ಕೆ ಆರ್ ರಿಜಿಸ್ಟರ್ ಬಳಸಿದೆ. ಅದು ಪ್ರೊಸೆಸರ್ ಓಡುತ್ತಿದ್ದಂತೆ ತನ್ನಷ್ಟಕ್ಕೆ ಏರುವ ಏಳು ಬಿಟ್‌ನ ಎಣಿಕೆ. ಕೀ ಒತ್ತಿದ ಗಳಿಗೆಯಲ್ಲಿ ಅದರಲ್ಲಿ ಏನಿದೆಯೋ ಅದೇ ಬೀಜ. ಗೂಢಲಿಪಿಗೆ ಸಾಲದು, ಲೈಫ್‌ಗೆ ಧಾರಾಳ. ಕ್ಲಿಯರ್ ಕೀ ಒತ್ತಿದರೆ ಕೀ ಓದುವ ಕರೆ 15 ಕೊಡುತ್ತದೆ, ಆಗ ಹೊರಗೆ ಬರುವುದು.

ಉಳಿಸಿಕೊಳ್ಳುವ ಬಗ್ಗೆ ಕೊನೆಯದಾಗಿ. ಪ್ರೋಗ್ರಾಮ್ ಅನ್ನು ಮೆಮೊರಿ ಮೆನುವಿನಿಂದ ಆರ್ಕೈವ್ ಮಾಡಿದರೆ ಅದು ಫ್ಲ್ಯಾಶ್‌ಗೆ ಹೋಗುತ್ತದೆ. ಅಲ್ಲಿ ನಮಗೆ ಸುಮಾರು 160 ಕೆಬಿ ಜಾಗ ಇದೆ, ರ‍್ಯಾಮ್ ಅಳಿಸಿದರೂ, ಬ್ಯಾಟರಿ ಎರಡೂ ತೆಗೆದರೂ ಅದು ಉಳಿಯುತ್ತದೆ. ಆದರೆ ಅಲ್ಲಿಂದಲೇ ಓಡಿಸಲು ಹೋದರೆ ಆರ್ಕೈವ್ ಆಗಿದೆ ಎಂಬ ದೋಷ ಬರುತ್ತದೆ. ಮೊದಲು ರ‍್ಯಾಮ್‌ಗೆ ವಾಪಸ್ ತರಬೇಕು, ಇಲ್ಲವೇ ಮಿರಾಜ್‌ಒಎಸ್ ಥರದ ಶೆಲ್ (ಪ್ರೋಗ್ರಾಮ್‌ಗಳನ್ನು ಆರಿಸಿ ಓಡಿಸುವ ತಂತ್ರಾಂಶ) ಒಂದನ್ನು ಹಾಕಿಕೊಂಡರೆ ಆ ಎತ್ತಿಡುವ ಕೆಲಸವನ್ನು ಅದೇ ಮಾಡುತ್ತದೆ. ಕೋಡ್ ಬೆಳೆಯುತ್ತಾ ಹೋದರೆ 8,811 ಬೈಟ್ ಎಂಬ ಸಂಖ್ಯೆ ನೆನಪಿರಲಿ. 9ಡಿ95ರಿಂದ ಸಿ000ವರೆಗಿನ ದೂರ ಅದು, ಅದರಾಚೆ ಇರುವ ಸೂಚನೆಗಳನ್ನು ಈ ಯಂತ್ರ ಓಡಿಸುವುದಿಲ್ಲ.